ಕುಡಿತ ಬಿಟ್ಟ ಮೇಲೆ ಹಾಗೇ ಉಳಿಯಲು: ಎ.ಎ. ಗುಂಪು ಹುಡುಕುವುದು, ಹೋಗುವುದು, ಬಿಡದೆ ಹೋಗುತ್ತಿರುವುದು

ಕುಡಿತ ಬಿಡೋದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಮುಟ್ಟುವುದಿಲ್ಲ. ಶ್ರಾವಣ ಬಂತೆಂದರೆ ತಿಂಗಳು ಪೂರ್ತಿ ದೂರ ಇರುವವರಿದ್ದಾರೆ. ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ, ಆರು ತಿಂಗಳು ಆ ಮಾತು ಉಳಿಸಿಕೊಂಡವರೂ ಇದ್ದಾರೆ. ಕಷ್ಟ ಶುರುವಾಗುವುದು ಮಾಲೆ ಇಳಿಸಿದ ಸಂಜೆ. ವ್ರತ ಮುಗಿಯಿತು, ಶ್ರಾವಣ ಕಳೆಯಿತು, ಆಣೆಯ ಬಿಸಿ ಆರಿತು. ಈಗ ಏನು?

ಬಿಡುವುದು ಒಂದು ಕೆಲಸ, ಬಿಟ್ಟ ಮೇಲೆ ಹಾಗೇ ಉಳಿಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಆಸ್ಪತ್ರೆ ಇದೆ, ಔಷಧಿ ಇದೆ, ಶಿಬಿರ ಇದೆ. ಗುಂಪು, ಅಂದರೆ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಆಗಾಗ ಸೇರಿ ಮಾತಾಡುವ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಥರದ ಕೂಟ, ಇರುವುದು ಎರಡನೆಯದಕ್ಕೆ. ಇದು ತಲೆಯಲ್ಲಿದ್ದರೆ ಗುಂಪಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದರಲ್ಲಿ ಗೊಂದಲ ಆಗುವುದಿಲ್ಲ.

ಮೊದಲು ಡಾಕ್ಟರು, ಆಮೇಲೆ ಗುಂಪು

ದಿನಾ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ ಒಂದು ಗುಟುಕು ಬೇಕು ಅನಿಸುವವರು, ಒಂದೇ ಏಟಿಗೆ ನಿಲ್ಲಿಸಬಾರದು. ದೇಹ ಅದಕ್ಕೆ ಒಗ್ಗಿ ಹೋಗಿರುತ್ತದೆ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ, ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಅದು ಜೀವಕ್ಕೆ ಅಪಾಯ. ಮನೆಯವರು ಅದನ್ನು ದೆವ್ವ ಮೆಟ್ಟಿದೆ ಎಂದುಕೊಂಡು ಹೊತ್ತು ಕಳೆಯಬಾರದು. ತಕ್ಷಣ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಹಾಗಾಗಿ ಮೊದಲು ಡಾಕ್ಟರನ್ನು ಕಾಣಿ. ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಕಡಿಮೆ ಮಾಡಿ ಹೇಳಬೇಡಿ. ಮೂರು ಕ್ವಾರ್ಟರ್ ಆಗಿದ್ದರೆ ಮೂರು ಕ್ವಾರ್ಟರ್ ಅನ್ನಿ, ಏಕೆಂದರೆ ನಡುಕ, ಫಿಟ್ಸ್ ತಡೆಯುವ ಮಾತ್ರೆಯ ಪ್ರಮಾಣ ನಿಂತಿರುವುದು ಅದರ ಮೇಲೇ. ಬಿ1 ಅಂದರೆ ಥಯಾಮಿನ್ ವಿಟಮಿನ್ನನ್ನೂ ಕೊಡುತ್ತಾರೆ. ತುಂಬಾ ದಿನ ಊಟ ಬಿಟ್ಟು ಕುಡಿದವರಲ್ಲಿ ಅದು ಬರಿದಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಎಂದು ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ.

ಇಲ್ಲೇ ಇನ್ನೊಂದು ಮಾತು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಅನ್ನುವ ಪುಡಿಯ ಜಾಹೀರಾತು ನೋಡಿರುತ್ತೀರಿ. ದಯವಿಟ್ಟು ಅದನ್ನು ಊಟದಲ್ಲಿ ಬೆರೆಸಿ ಕೊಡಬೇಡಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್‌ನಂಥ ಔಷಧಿ ಒಳಗಿದ್ದು, ಆ ವ್ಯಕ್ತಿ ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಎದೆ ಹೊಡೆದುಕೊಂಡು, ಬಿ.ಪಿ. ಕುಸಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಹೇಳಿ, ಕುಡಿಯುವವರು ಒಪ್ಪಿ, ತಿಳಿದು ತೆಗೆದುಕೊಂಡರೆ ಮಾತ್ರ ಅದು ಔಷಧಿ.

ಯಾವ ಗುಂಪು?

ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ಆಲ್ಕೋಹಾಲಿಕ್ಸ್ ಅನಾನಿಮಸ್. ಎಲ್ಲರೂ ಎ.ಎ. ಅನ್ನುತ್ತಾರೆ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಶುರುವಾಯಿತು. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯಾಪಾರದ ಕೆಲಸಕ್ಕೆ ಆ ಊರಿಗೆ ಬಂದಿದ್ದ, ಕೆಲಸ ಕೈಕೊಟ್ಟಿತ್ತು. ಹೋಟೆಲಿನಲ್ಲಿ ಒಬ್ಬನೇ ಇದ್ದಾಗ ಬಾರ್ ಕಡೆ ಮನಸ್ಸು ಎಳೆಯಿತು. ಆಗ ಅವನು ಮಾಡಿದ್ದು ಇಷ್ಟೇ: ತನ್ನ ಹಾಗೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬ ಯಾರಾದರೂ ಮಾತಿಗೆ ಸಿಗುತ್ತಾರಾ ಎಂದು ಫೋನ್ ಮೇಲೆ ಫೋನ್ ಮಾಡಿ ಹುಡುಕಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಸರ್ಜನ್. ಅವರಿಬ್ಬರ ಮಾತಿನಿಂದ ಎ.ಎ. ಹುಟ್ಟಿತು. ಇವತ್ತಿಗೂ ಅದರ ಜೀವಾಳ ಅದೇ, ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಜೊತೆ ಮಾತಾಡುವುದು. ಭಾರತಕ್ಕೆ ಇದು ಬಂದದ್ದು 1957ರಲ್ಲಿ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಮೀಟಿಂಗ್ ನಡೆಯುತ್ತವೆ.

ಎರಡನೆಯದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ. ಸುಮಾರು ಒಂದು ವಾರ ಅಲ್ಲೇ ಉಳಿಯಬೇಕು. ಶಿಬಿರ ಮುಗಿಸಿದವರು ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ಹಳ್ಳಿಗಳಲ್ಲಿ ಎ.ಎ. ಹೆಸರು ಕೇಳದವರೂ ಈ ಶಿಬಿರದ ಹೆಸರು ಕೇಳಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಶಿಬಿರದಷ್ಟೇ, ಅದಕ್ಕಿಂತ ಜಾಸ್ತಿ ಅಂದರೂ ತಪ್ಪಿಲ್ಲ, ಮುಖ್ಯವಾದದ್ದು ಆಮೇಲಿನ ಸಮಿತಿ. ಶಿಬಿರಕ್ಕೆ ಹೋಗಿ ಬಂದು ಸಮಿತಿಯ ಕಡೆ ತಲೆ ಹಾಕದಿದ್ದರೆ ಮಾಲೆ ಇಳಿಸಿದವರ ಪರಿಸ್ಥಿತಿಯೇ ಆಗುತ್ತದೆ.

ಎರಡಕ್ಕೂ ಹೋಗಬಹುದು. ಈ ಬರಹದಲ್ಲಿ ಎ.ಎ. ಬಗ್ಗೆ ಹೆಚ್ಚು ಹೇಳುತ್ತೇನೆ, ಏಕೆಂದರೆ ಜನಕ್ಕೆ ಅದರ ಬಾಗಿಲು ಎಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ. ಬೋರ್ಡ್ ಇರುವುದಿಲ್ಲ, ಪ್ರಚಾರ ಇರುವುದಿಲ್ಲ.

ಇದರಿಂದ ಪ್ರಯೋಜನ ಇದೆಯಾ ಅಂತ ಕೇಳಿದರೆ, ಇದೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ 10,565 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಆಪ್ತಸಮಾಲೋಚಕರು ಕ್ರಮವಾಗಿ ಎ.ಎ. ಜೊತೆ ಜೋಡಿಸಿದ ಜನರಲ್ಲಿ, ಬೇರೆ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಮಂದಿ ಒಂದು ವರ್ಷದ ನಂತರವೂ ಪೂರ್ತಿ ಬಿಟ್ಟಿದ್ದರು. ಗಮನಿಸಬೇಕಾದ್ದು ‘ಜೋಡಿಸಿದ’ ಅನ್ನುವುದನ್ನು. ಸುಮ್ನೆ ‘ಹೋಗಿ ಬಾ’ ಅಂದರೆ ಸಾಲದು, ಯಾರಾದರೂ ಜೊತೆಗೆ ಹೋಗಬೇಕು.

ಹುಡುಕುವುದು ಹೇಗೆ

ಎ.ಎ.ಗೆ ಭಾರತದಲ್ಲಿ ತನ್ನದೇ ವೆಬ್‌ಸೈಟ್ ಇದೆ. ಊರಿನ ಹೆಸರು ಹಾಕಿ ‘ಎ.ಎ. ಮೀಟಿಂಗ್’ ಎಂದು ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಹುಷಾರು. ಅದೇ ಹುಡುಕಾಟದಲ್ಲಿ ಮೇಲೆ ಬರುವುದು ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಜಾಹೀರಾತು. ಎ.ಎ. ಯಾವತ್ತೂ ಫೀಸು ಕೇಳುವುದಿಲ್ಲ, ಅಡ್ಮಿಷನ್ ಮಾಡಿಸುವುದಿಲ್ಲ, ನಿಮ್ಮನ್ನು ಎತ್ತಿಕೊಂಡು ಹೋಗಲು ಗಾಡಿ ಕಳಿಸುವುದಿಲ್ಲ. ಫೋನಿನಲ್ಲಿ ಯಾರಾದರೂ ತಿಂಗಳಿಗೆ ಇಷ್ಟು ಸಾವಿರ ಅಂದರೆ ಅದು ಎ.ಎ. ಅಲ್ಲ.

ಪಟ್ಟಿಯಲ್ಲಿ ಕಂಡ ವಿಳಾಸಕ್ಕೆ ನೇರವಾಗಿ ಹೋಗಬೇಡಿ. ಜಾಗ, ಸಮಯ ಬದಲಾಗಿರಬಹುದು. ಮೊದಲು ಫೋನ್ ಮಾಡಿ. ಇಂಟರ್‌ನೆಟ್ ಬಳಸದವರಿಗೆ ಇನ್ನೂ ದಾರಿಗಳಿವೆ. ಆಸ್ಪತ್ರೆಗಳ ವ್ಯಸನಮುಕ್ತಿ ವಾರ್ಡುಗಳಿಗೆ ಎ.ಎ. ಸದಸ್ಯರು ಬಂದು ಮೀಟಿಂಗ್ ಮಾಡುವ ಪದ್ಧತಿ ಇದೆ, ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ. ಚರ್ಚ್‌ಗಳಲ್ಲಿ, ಶಾಲೆಗಳಲ್ಲಿ ಸಂಜೆ ಹೊತ್ತು ಮೀಟಿಂಗಿಗೆ ಕೋಣೆ ಕೊಡುವುದುಂಟು. ಕ್ರೈಸ್ತರೇ ಆಗಿರಬೇಕಿಲ್ಲ, ಅದು ಬರೀ ಜಾಗ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಇರುವ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ. ನವಜೀವನ ಸಮಿತಿಗೆ ಧರ್ಮಸ್ಥಳ ಸಂಘದ ಸೇವಾಪ್ರತಿನಿಧಿಯನ್ನು ಕೇಳಿದರೆ ಸಾಕು.

ಗಲ್ಫ್ ದೇಶಗಳಲ್ಲಿ, ಪರರಾಜ್ಯಗಳಲ್ಲಿ ಒಬ್ಬರೇ ರೂಮು ಮಾಡಿಕೊಂಡಿರುವವರಿಗೆ ಆನ್‌ಲೈನ್ ಮೀಟಿಂಗ್ ದೊಡ್ಡ ಆಸರೆ. ಕೋವಿಡ್ ಕಾಲದಲ್ಲಿ ಹೆಚ್ಚಾದದ್ದು ಈಗಲೂ ನಡೆಯುತ್ತಿವೆ. ಕ್ಯಾಮೆರಾ ಆಫ್ ಮಾಡಿ ಕೂರಬಹುದು. ಆದರೂ ಹತ್ತಿರದಲ್ಲಿ ಕೋಣೆ ಇದ್ದರೆ ಕೋಣೆಗೇ ಹೋಗಿ.

ಮೊದಲ ಫೋನ್

ಈ ಫೋನ್ ಮಾಡುವುದೇ ತುಂಬಾ ಜನಕ್ಕೆ ಕಷ್ಟ. ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡುತ್ತಾರೆ. ಏನು ಹೇಳಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಸಲೀಸು. ಇಷ್ಟು ಸಾಕು:

“ಸರ್, ನಮಸ್ಕಾರ. ನನಗೆ ಕುಡಿತದ ತೊಂದರೆ ಇದೆ. ಎ.ಎ. ಮೀಟಿಂಗ್ ಬಗ್ಗೆ ಕೇಳೋಣ ಅಂತ ಫೋನ್ ಮಾಡಿದೆ. ನಮ್ಮನೆ ರಾಜಾಜಿನಗರದ ಹತ್ತಿರ. ಕನ್ನಡ ಮೀಟಿಂಗ್ ಎಲ್ಲಿ, ಯಾವಾಗ ಇರುತ್ತೆ?”

ಹೆಸರು ಹೇಳಲೇಬೇಕೆಂದಿಲ್ಲ. ಆ ಕಡೆ ಮಾತಾಡುವವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರೇ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನೀವು ಮೂರು ವಿಷಯ ಕೇಳಿಕೊಳ್ಳಿ: ಇದು ಓಪನ್ ಮೀಟಿಂಗಾ ಕ್ಲೋಸ್ಡ್ ಮೀಟಿಂಗಾ, ಗೇಟಿನಿಂದ ಒಳಗೆ ಯಾವ ಕಡೆ ಹೋಗಬೇಕು, ಯಾರಾದರೂ ಗೇಟಿನ ಹತ್ತಿರ ಸಿಗುತ್ತಾರಾ. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಓಪನ್ ಮೀಟಿಂಗಿಗೆ ಹೆಂಡತಿ, ಅಣ್ಣ, ಗೆಳೆಯ ಯಾರು ಬೇಕಾದರೂ ಬರಬಹುದು. ಮೂರನೇ ಪ್ರಶ್ನೆಯನ್ನು ಸಂಕೋಚ ಇಲ್ಲದೆ ಕೇಳಿ. ಹೊಸಬರನ್ನು ಕಾದು ನಿಂತು ಕರೆದುಕೊಂಡು ಹೋಗುವವರು ಸಿಗುತ್ತಾರೆ.

ಎರಡು ಮೂರು ಮೀಟಿಂಗ್ ಇದ್ದರೆ ಯಾವುದನ್ನು ಆರಿಸಬೇಕು? ನೀವು ಸಾಮಾನ್ಯವಾಗಿ ಕುಡಿಯಲು ಕೂರುವ ಹೊತ್ತಿಗೆ ಇರುವುದನ್ನು. ಸಂಜೆ ಏಳಕ್ಕೆ ಬಾರ್‌ಗೆ ಹೋಗುವ ಅಭ್ಯಾಸ ಇದ್ದವರು ಬೆಳಿಗ್ಗೆ ಮೀಟಿಂಗಿಗೆ ಹೋಗಿ ಬಂದರೆ ಸಂಜೆ ಏಳು ಗಂಟೆ ಹಾಗೇ ಖಾಲಿ ಉಳಿಯುತ್ತದೆ. ದಾರಿಯನ್ನೂ ನೋಡಿಕೊಳ್ಳಿ. ದಿನಾ ಹೋಗುವ ಬಾರ್ ಮುಂದೆ ಇಳಿಸುವ ಬಸ್ಸಿಗಿಂತ, ಎರಡು ಸ್ಟಾಪ್ ಸುತ್ತಿ ಬರುವ ಬಸ್ಸೇ ವಾಸಿ.

ಮೊದಲ ದಿನ ಒಳಗೆ ಏನಾಗುತ್ತದೆ

ಹತ್ತು ನಿಮಿಷ ಮುಂಚೆ ಹೋಗಿ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಮೇಜಿನ ಮೇಲೆ ಒಂದೆರಡು ಪುಸ್ತಕ, ಗೋಡೆಗೆ ನೇತುಹಾಕಿದ ಎರಡು ಬಟ್ಟೆಯ ಬ್ಯಾನರ್. ಒಂದರಲ್ಲಿ 12 ಹೆಜ್ಜೆಗಳು, ಅಂದರೆ ಕುಡಿತದಿಂದ ಹೊರಬರಲು ಸದಸ್ಯರು ಒಂದೊಂದಾಗಿ ಪಾಲಿಸುವ ಸೂತ್ರಗಳು. ಇನ್ನೊಂದರಲ್ಲಿ 12 ಸಂಪ್ರದಾಯಗಳು, ಅಂದರೆ ಗುಂಪು ನಡೆಯುವ ನಿಯಮಗಳು. ಬಂದವರು ಕೈಕುಲುಕುತ್ತಾರೆ. ಆಟೋ ಓಡಿಸುವವರ ಪಕ್ಕ ಬ್ಯಾಂಕ್ ಮ್ಯಾನೇಜರ್ ಕೂತಿರಬಹುದು. ಯಾರು ಯಾವ ಕೆಲಸ ಅಂತ ಯಾರೂ ಕೇಳುವುದಿಲ್ಲ.

ಆ ದಿನದ ಅಧ್ಯಕ್ಷತೆ ವಹಿಸಿದವರು ಶುರು ಮಾಡುತ್ತಾರೆ. ಸ್ವಲ್ಪ ಹೊತ್ತು ಮೌನ, ಒಂದು ಪುಟ್ಟ ಪ್ರಾರ್ಥನೆ, ಎ.ಎ. ಅಂದರೆ ಏನು ಅನ್ನುವ ಒಂದು ಪ್ಯಾರಾ ಓದು. ಆಮೇಲೆ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. “ನನ್ನ ಹೆಸರು ಇಂಥದ್ದು, ನಾನೊಬ್ಬ ಆಲ್ಕೋಹಾಲಿಕ್” ಎಂದು ಶುರು. ಹೆಸರು ಒಂದೇ, ಮನೆತನದ ಹೆಸರು ಬೇಡ. ಕುಡಿಯುವಾಗ ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಅನ್ನುವುದೇ ಮಾತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ, ವಾದ ಮಾಡುವುದಿಲ್ಲ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಬುದ್ಧಿವಾದ ಶುರುವಾಗುತ್ತದೆ ಅಲ್ವಾ? ಇಲ್ಲಿ ಅದು ಇಲ್ಲ. ಜೀವನದಲ್ಲಿ ಮೊದಲ ಸಲ ಯಾರೋ ತನ್ನ ಮಾತನ್ನು ಪೂರ್ತಿ ಕೇಳಿದರು ಅನ್ನುವವರನ್ನು ನಾನು ನೋಡಿದ್ದೇನೆ.

ನಿಮ್ಮ ಸರದಿ ಬಂದರೆ “ಇವತ್ತು ಕೇಳಲು ಬಂದಿದ್ದೇನೆ” ಅಂದರೆ ಸಾಕು. ಯಾರೂ ಒತ್ತಾಯ ಮಾಡುವುದಿಲ್ಲ. ಆಲ್ಕೋಹಾಲಿಕ್ ಅನ್ನುವ ಪದ ಬಾಯಿಗೆ ಬರದಿದ್ದರೆ ಅದನ್ನೂ ಹೇಳಬೇಡಿ. ಸದಸ್ಯರಾಗಲು ಬೇಕಿರುವುದು ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ. ಫಾರಂ ಇಲ್ಲ, ಆಧಾರ್ ಇಲ್ಲ, ಸಹಿ ಇಲ್ಲ.

ನಡುವೆ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಬರುತ್ತದೆ. ಕೋಣೆಯ ಬಾಡಿಗೆಗೆ, ಚಹಾಕ್ಕೆ ಸದಸ್ಯರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಎ.ಎ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ನೀವು ಹೊಸಬರು, ಹಾಕದೆ ಮುಂದೆ ದಾಟಿಸಿ. ಸುಮಾರು ಒಂದರಿಂದ ಒಂದೂವರೆ ಗಂಟೆಗೆ ಮೀಟಿಂಗ್ ಮುಗಿಯುತ್ತದೆ. ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಹೇಳುತ್ತಾರೆ.

ಮುಗಿದ ಕೂಡಲೇ ಹೊರಡಬೇಡಿ. ಮೊದಲ ದಿನ ಬಾಗಿಲಿಗೆ ಓಡಬೇಕು ಅನಿಸುತ್ತದೆ. ಆದರೂ ಚಹಾ ಕುಡಿಯುವ ಹದಿನೈದು ನಿಮಿಷ ನಿಲ್ಲಿ. ಫೋನ್ ನಂಬರ್ ಸಿಗುವುದು ಆಗಲೇ. ಕನಿಷ್ಠ ಮೂವರ ನಂಬರ್ ತೆಗೆದುಕೊಂಡು ಹೊರಡಿ.

ಕುಡಿದು ಹೋಗಬಹುದಾ? ಗಲಾಟೆ ಮಾಡದೆ ಸುಮ್ಮನೆ ಕೂತು ಕೇಳುವುದಾದರೆ ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ. ಕುಡಿದಿದ್ದೇನೆ ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಯಬೇಡಿ.

ದೇವರು, ಗುಟ್ಟು, ಹೆಣ್ಣುಮಕ್ಕಳು

12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಅದು ಯಾವ ಧರ್ಮದ ದೇವರೂ ಅಲ್ಲ. ಅವರವರು ಅರ್ಥ ಮಾಡಿಕೊಂಡ ದೇವರು ಅನ್ನುತ್ತಾರೆ. ದೇವರನ್ನು ನಂಬದವರು ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಂಡು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಮೊದಲ ತಿಂಗಳು ಈ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಗುಟ್ಟಿನ ಭಯ ಮಾತ್ರ ನಿಜವಾದದ್ದು. ಒಳಗೆ ಕೇಳಿದ್ದನ್ನು ಹೊರಗೆ ಆಡಬಾರದು, ನೋಡಿದವರ ಹೆಸರು ಹೇಳಬಾರದು ಅನ್ನುವುದು ಎ.ಎ.ಯ ಅಡಿಪಾಯ. ಹಾಗಿದ್ದರೂ ಚಿಕ್ಕ ಊರಿನಲ್ಲಿ ಗೇಟಿನ ಮುಂದೆ ಯಾರಾದರೂ ನೋಡಬಹುದು. ಅಂಥವರು ಪಕ್ಕದ ತಾಲ್ಲೂಕಿನ ಮೀಟಿಂಗಿಗೆ ಹೋಗಬಹುದು. ಇನ್ನೂ ಒಂದು ಯೋಚಿಸಿ: ನೀವು ಕುಡಿಯುವುದು ಊರಿಗೆ ಆಗಲೇ ಗೊತ್ತು, ಬಿಡುತ್ತಿರುವುದು ಗೊತ್ತಾದರೆ ಹೋಗುವುದೇನು?

ಕುಡಿತದ ತೊಂದರೆ ಇರುವ ಹೆಂಗಸರಿಗೆ ಇದೆಲ್ಲ ಇಮ್ಮಡಿ ಕಷ್ಟ. ಗಂಡಸು ಕುಡಿದರೆ ಅಯ್ಯೋ ಪಾಪ, ಹೆಂಗಸು ಕುಡಿದರೆ ಮಾನಗೇಡಿ ಅನ್ನುವ ಊರು ನಮ್ಮದು. ಹಾಗಾಗಿ ಅವರು ಮುಚ್ಚಿಟ್ಟುಕೊಂಡೇ ಕುಡಿಯುತ್ತಾರೆ, ಚಿಕಿತ್ಸೆಗೆ ತಡವಾಗಿ ಬರುತ್ತಾರೆ. ಫೋನ್ ಮಾಡಿದಾಗ ಮಹಿಳಾ ಸದಸ್ಯರ ಜೊತೆ ಮಾತಾಡಬೇಕು ಎಂದು ಕೇಳಿ. ಹೆಂಗಸರಿಗೆಂದೇ ನಡೆಯುವ ಮೀಟಿಂಗ್‌ಗಳೂ ಇವೆ, ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ.

ಮುಂದಿನ ಮೂರು ತಿಂಗಳು

ಒಂದು ಮೀಟಿಂಗ್ ನೋಡಿ ‘ಇದು ನನಗಲ್ಲ’ ಎಂದು ತೀರ್ಮಾನ ಮಾಡಬೇಡಿ. ಕೋಣೆಯಿಂದ ಕೋಣೆಗೆ ಜನ, ಮಾತು ಬೇರೆ ಇರುತ್ತದೆ. ಎ.ಎ.ಯಲ್ಲಿ ಹಳಬರು ಹೊಸಬರಿಗೆ ಹೇಳುವುದು 90 ದಿನದಲ್ಲಿ 90 ಮೀಟಿಂಗ್. ದಿನಗೂಲಿಯವರಿಗೆ, ಹಳ್ಳಿಯವರಿಗೆ ಅದು ಆಗದ ಮಾತು. ವಾರಕ್ಕೆ ಎರಡು ಮೀಟಿಂಗ್, ಉಳಿದ ದಿನ ಒಂದು ಫೋನ್ ಆದರೂ ಇರಲಿ.

ಕೆಲವು ವಾರ ಕಳೆದ ಮೇಲೆ ಸ್ಪಾನ್ಸರ್ ಹುಡುಕಿಕೊಳ್ಳಿ. ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಲ್ಲ. ವರ್ಷಗಳಿಂದ ಬಿಟ್ಟಿರುವ, ಹೆಜ್ಜೆಗಳ ಮೂಲಕ ನಿಮ್ಮನ್ನು ಕರೆದುಕೊಂಡು ಹೋಗುವ ಹಿರಿಯ ಸದಸ್ಯ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಸ್ಪಾನ್ಸರ್ ಆಗುವುದು ರೂಢಿ. ಯಾರ ಮಾತು ಕೇಳಿದಾಗ ‘ಇದು ನನ್ನ ಕತೆಯೇ’ ಅನಿಸಿತೋ ಅವರನ್ನೇ ಕೇಳಿ: “ಅಣ್ಣ, ನನಗೆ ಸ್ಪಾನ್ಸರ್ ಆಗ್ತೀರಾ?” ನಿಮ್ಮಿಂದ ಸಾಲ ಕೇಳುವವರನ್ನು, ಡಾಕ್ಟರ ಮಾತ್ರೆ ಬಿಡು ಅನ್ನುವವರನ್ನು ಸ್ಪಾನ್ಸರ್ ಮಾಡಿಕೊಳ್ಳಬೇಡಿ. ಮಾತ್ರೆ ವಿಷಯ ಡಾಕ್ಟರದ್ದು.

ಕಷ್ಟದ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಸಂಬಳದ ದಿನ. ಯುಗಾದಿಯ ಮಾರನೇ ದಿನದ ಹೊಸತೊಡಕು. ಊರ ಜಾತ್ರೆ. ಚುನಾವಣೆ ಹೊತ್ತು. ಬಂಧುಗಳ ಮದುವೆ, ತಿಥಿ. ಹೊಸತೊಡಕಿನ ಬಾಡೂಟಕ್ಕೆ ಹೋಗಲೇಬೇಕಾದರೆ ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಊಟ ಮಾಡಿ, ಎದ್ದು ಬನ್ನಿ. ಹೋಗುವ ಮೊದಲು ಸ್ಪಾನ್ಸರ್‌ಗೆ ಒಂದು ಫೋನ್, ಬಂದ ಮೇಲೆ ಒಂದು ಫೋನ್. “ಒಂದೇ ಒಂದು ತೊಂಬತ್ತು, ಏನಾಗಲ್ಲ” ಅನ್ನುವ ಭಾವ ಮೈದುನ ಪ್ರತಿ ಮನೆಯಲ್ಲೂ ಇರುತ್ತಾನೆ. ಅವನಿಗೆ “ಡಾಕ್ಟ್ರು ಬೇಡ ಅಂದಿದ್ದಾರೆ, ಮಾತ್ರೆ ತಗೊಳ್ತಿದ್ದೀನಿ” ಅಂದರೆ ಮುಗಿಯಿತು. ಎ.ಎ. ಬಗ್ಗೆ ಎಲ್ಲರಿಗೂ ವಿವರಿಸಬೇಕಿಲ್ಲ.

ಮತ್ತೆ ಕುಡಿದರೆ

ಆಗುತ್ತದೆ. ಇದನ್ನು ಸ್ಲಿಪ್ ಅನ್ನುತ್ತಾರೆ. ಆಗ ಬರುವ ನಾಚಿಕೆ ಕುಡಿತಕ್ಕಿಂತ ಹೆಚ್ಚು ಜನರನ್ನು ಗುಂಪಿನಿಂದ ದೂರ ಮಾಡುತ್ತದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುತ್ತಾ ಒಂದು ದಿನದ್ದು ಒಂದು ತಿಂಗಳಾಗುತ್ತದೆ. ಮಾರನೇ ದಿನವೇ ಹೋಗಿ. “ನಿನ್ನೆ ಕುಡಿದೆ” ಎಂದು ಎದ್ದು ನಿಂತು ಹೇಳಿದವರಿಗೆ ಆ ಕೋಣೆಯಲ್ಲಿ ಸಿಗುವುದು ಬೈಗುಳವಲ್ಲ, ‘ಮತ್ತೆ ಬನ್ನಿ’ ಅನ್ನುವ ಮಾತು. ದಿನಗಟ್ಟಲೆ ಸತತವಾಗಿ ಕುಡಿದಿದ್ದರೆ ಮಾತ್ರ ಮತ್ತೆ ಡಾಕ್ಟರನ್ನು ಕಂಡೇ ನಿಲ್ಲಿಸಿ. ನಡುಕ, ಫಿಟ್ಸ್ ಅಪಾಯ ಮೊದಲಿನಷ್ಟೇ ಇರುತ್ತದೆ, ಕೆಲವರಲ್ಲಿ ಜಾಸ್ತಿ.

ಮನೆಯವರಿಗೆ

ಗಂಡ ಬರಲು ಒಪ್ಪದಿದ್ದರೂ ನೀವು ಹೋಗಬಹುದಾದ ಗುಂಪು ಬೇರೆ ಇದೆ. ಅಲ್-ಅನಾನ್ ಅನ್ನುತ್ತಾರೆ, 1951ರಲ್ಲಿ ಕುಡುಕರ ಹೆಂಡತಿಯರು ಸೇರಿ ಕಟ್ಟಿದ್ದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಇದೆ. ಅಲ್ಲಿ ಕಲಿಯುವ ಮೊದಲ ವಿಷಯ, ಅವರ ಕುಡಿತಕ್ಕೆ ನೀವು ಕಾರಣ ಅಲ್ಲ ಅನ್ನುವುದು. ಅತ್ತೆ ಮನೆಯವರು “ನೀನು ಸರಿ ಇದ್ದಿದ್ರೆ ನನ್ ಮಗ ಯಾಕೆ ಕುಡೀತಿದ್ದ” ಅಂದದ್ದನ್ನು ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಹೇಳಬೇಕಿಲ್ಲ. ಮನೆಯಲ್ಲಿ ಹೊಡೆತ ಇದ್ದರೆ ಗುಂಪಿಗಾಗಿ ಕಾಯಬೇಡಿ, 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಅವರು ಮೀಟಿಂಗಿಗೆ ಹೋಗಲು ಶುರು ಮಾಡಿದ ಮೇಲೆ “ಇಷ್ಟು ದಿನ ಬಾರು, ಈಗ ಮೀಟಿಂಗು, ಮನೇಲಿ ಯಾವಾಗ ಇರ್ತೀರಿ” ಅನಿಸುವುದು ಸಹಜ. ಮೊದಲ ಮೂರು ತಿಂಗಳು ಆ ಹೊತ್ತನ್ನು ಬಿಟ್ಟುಕೊಡಿ.

ಊರಲ್ಲಿ ಗುಂಪೇ ಇಲ್ಲದಿದ್ದರೆ

ಕರ್ನಾಟಕದ ಎಷ್ಟೋ ತಾಲ್ಲೂಕುಗಳಲ್ಲಿ ಇದೇ ಪರಿಸ್ಥಿತಿ. ಕುಡಿತ ಬಿಡಲು ಇಬ್ಬರು ಸೇರಿದರೂ ಅದು ಎ.ಎ. ಗುಂಪಾಗಬಹುದು ಅನ್ನುವುದು ಅದರ ನಿಯಮದಲ್ಲೇ ಇದೆ. ಆದರೆ ಇಬ್ಬರೂ ಹೊಸಬರಾಗಿದ್ದರೆ ನಿಲ್ಲುವುದು ಕಷ್ಟ. ಮೊದಲು ಹತ್ತಿರದ ಊರಿನ ಮೀಟಿಂಗಿಗೆ ತಿಂಗಳಿಗೆ ಎರಡು ಸಲವಾದರೂ ಹೋಗಿ, ನಡುವೆ ಆನ್‌ಲೈನ್ ಮೀಟಿಂಗ್ ಇಟ್ಟುಕೊಳ್ಳಿ. ಅಲ್ಲಿನ ಹಳಬರೊಬ್ಬರು ಕೆಲವು ವಾರ ನಿಮ್ಮೂರಿಗೆ ಬಂದು ನಡೆಸಿಕೊಡಲು ಒಪ್ಪಿದ ಮೇಲೆ ಶುರು ಮಾಡಿ. ಜಾಗಕ್ಕೆ ಶಾಲೆಯ ಒಂದು ಕೋಣೆ, ಗ್ರಂಥಾಲಯ, ಸಮುದಾಯ ಭವನ ಕೇಳಿ. ರಾಜಕೀಯದವರ ಆಫೀಸು ಬೇಡ, ಯಾರದೋ ಮನೆಯೂ ಬೇಡ. ವಾರ, ಗಂಟೆ ಒಮ್ಮೆ ಗೊತ್ತು ಮಾಡಿದರೆ ಬದಲಾಯಿಸಬೇಡಿ. ಒಬ್ಬರೇ ಬಂದರೂ ಒಂದು ಗಂಟೆ ಬಾಗಿಲು ತೆಗೆದಿರಬೇಕು. ಆಮೇಲೆ ವಾರ, ಗಂಟೆ, ಜಾಗ, ಒಂದು ಫೋನ್ ನಂಬರ್ ಬರೆದ ಚೀಟಿಯನ್ನು ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಪೊಲೀಸ್ ಠಾಣೆಗೆ ಕೊಟ್ಟು ಬನ್ನಿ, ಎ.ಎ. ಪಟ್ಟಿಗೂ ಸೇರಿಸಿ.